ಡಾಂಬರಿಗೂ ಮಣ್ಣಿಗೂ ಒಂದೇ ಬೈಕ್: ಎಬಿಎಸ್ ಆರಿಸೋದು ಹೇಗೆ?

ಬೈಕ್ ಕೊಳ್ಳಲು ಹೋದವರು ಮೊದಲು ಕೇಳುವುದು ಮೈಲೇಜ್, ಆಮೇಲೆ ಪವರ್, ಆಮೇಲೆ ಬಣ್ಣ. ಬ್ರೇಕಿನ ವಿಷಯಕ್ಕೆ ‘ಎಬಿಎಸ್ ಇದೆ ಅಲ್ವಾ?’ ಅನ್ನುವ ಒಂದೇ ಪ್ರಶ್ನೆ. ‘ಇದೆ ಸಾರ್’ ಅಂದರೆ ಮಾತು ಮುಗಿಯಿತು. ಆದರೆ 125 ಸಿಸಿ ಮೀರಿದ ಬೈಕಿಗೆ ಎಬಿಎಸ್ (ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಂ, ಅಂದರೆ ಬ್ರೇಕ್ ಹಿಡಿದಾಗ ಚಕ್ರ ತಿರುಗುವುದು ನಿಂತು ‘ಲಾಕ್’ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಈ ನಿಯಮ ಬಂದಿದೆ. ಹಾಗಾಗಿ ಇದೆಯೋ ಇಲ್ಲವೋ ಎಂದು ಕೇಳಿ ಏನೂ ಸಿಗುವುದಿಲ್ಲ. ಒಂದು ಚಕ್ರಕ್ಕೋ ಎರಡಕ್ಕೋ, ಬೇಡವಾದಾಗ ಯಾವುದನ್ನು ಆಫ್ ಮಾಡಬಹುದು, ಮತ್ತೆ ಆನ್ ಆಗುವುದು ಯಾವಾಗ? ಇವನ್ನು ಕೇಳಿ.

ಈ ಬರಹ ರ‍್ಯಾಲಿ ಓಡಿಸುವವರಿಗಲ್ಲ. ದಿನಾ ಡಾಂಬರಿನಲ್ಲಿ ಓಡಾಡಿ, ಬಿಡುವಾದಾಗ ಕಾಫಿ ತೋಟದ ದಾರಿಯನ್ನೋ, ಮಣ್ಣು ರಸ್ತೆಯನ್ನೋ, ಜಲ್ಲಿ ಸುರಿದು ಹಾಗೇ ಬಿಟ್ಟ ಘಾಟಿಯನ್ನೋ ಹಿಡಿಯುವವರಿಗೆ.

ಮೊದಲು ಅದರ ಕೆಲಸ ತಿಳಿಯಿರಿ

ಚಕ್ರದ ಜೊತೆ ತಿರುಗುವ ಒಂದು ಉಂಗುರ ಇರುತ್ತದೆ, ಸುತ್ತಲೂ ಸಾಲಾಗಿ ತೂತು ಕೊರೆದದ್ದು. ಪಕ್ಕದಲ್ಲಿ ಒಂದು ಸೆನ್ಸರ್. ತೂತುಗಳು ಹಾದು ಹೋಗುವುದನ್ನು ಗಮನಿಸಿ ಚಕ್ರದ ವೇಗವನ್ನು ಅದು ಲೆಕ್ಕ ಹಾಕುತ್ತದೆ. ನೀವು ಬ್ರೇಕ್ ಗಟ್ಟಿಯಾಗಿ ಹಿಡಿದಾಗ ಚಕ್ರದ ವೇಗ ದಿಢೀರನೆ ಕುಸಿದರೆ, ಅದು ಲಾಕ್ ಆಗಲಿದೆ ಎಂದರ್ಥ. ಆಗ ಎಬಿಎಸ್ ವಾಲ್ವ್ ತೆರೆದು ಬ್ರೇಕ್ ಆಯಿಲ್ ಒತ್ತಡವನ್ನು ಸಡಿಲಿಸುತ್ತದೆ. ಚಕ್ರ ಉರುಳತೊಡಗಿದ ಕೂಡಲೇ ಮತ್ತೆ ಒತ್ತಡ ಕೊಡುತ್ತದೆ. ಇದು ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ಲಿವರಿನಲ್ಲಿ ಟಕಟಕ ಎಂದು ಬೆರಳಿಗೆ ತಾಗುವುದು ಅದೇ.

ಮುಂದಿನ ಚಕ್ರ ಲಾಕ್ ಆದರೆ ಹ್ಯಾಂಡಲ್ ತಿರುಗಿಸಿ ಪ್ರಯೋಜನವಿಲ್ಲ, ಬೈಕ್ ಮಲಗಿಬಿಡುತ್ತದೆ. ಎಬಿಎಸ್ ನಿಜವಾಗಿ ಉಳಿಸುವುದು ಇದರಿಂದ. ಮಂಡ್ಯ, ಹಾಸನದ ಕಡೆ ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು. ತಿರುವು ದಾಟಿದ ಕೂಡಲೇ ರಸ್ತೆ ತುಂಬಾ ಹುರುಳಿಯನ್ನೋ ರಾಗಿ ತೆನೆಯನ್ನೋ ಒಕ್ಕಣೆಗೆ ಹರಡಿರುತ್ತಾರೆ. ಒಣ ಹುಲ್ಲಿನ ಮೇಲೆ ಟೈರಿಗೆ ಡಾಂಬರ್ ಸಿಗುವುದೇ ಇಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದರೆ, ಎಬಿಎಸ್ ಇಲ್ಲದ ಬೈಕ್ ನಿಮ್ಮನ್ನು ಆ ಹುರುಳಿಯ ಮೇಲೇ ಮಲಗಿಸುತ್ತದೆ.

ಅಂದಹಾಗೆ, ಇದು ನಿನ್ನೆ ಮೊನ್ನೆಯ ಐಡಿಯಾ ಅಲ್ಲ. ವಿಮಾನಗಳಿಗಾಗಿ ಮಾಡಿದ್ದ ಮ್ಯಾಕ್ಸರೆಟ್ ಎಂಬ ಸಾಧನವನ್ನು 1958ರಲ್ಲೇ ಇಂಗ್ಲೆಂಡಿನಲ್ಲಿ ಒಂದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ ಬೈಕಿಗೆ ಜೋಡಿಸಿ ನೋಡಿದ್ದರು. ಮಾರಾಟದ ಬೈಕಿಗೆ ಎಲೆಕ್ಟ್ರಾನಿಕ್ ಎಬಿಎಸ್ ಬಂದದ್ದು 1988ರಲ್ಲಿ, ಬಿಎಂಡಬ್ಲ್ಯು ಕೆ100 ಮೂಲಕ.

ಮಣ್ಣಿನಲ್ಲಿ ಅದೇ ಎಬಿಎಸ್ ಯಾಕೆ ತೊಡಕು?

ಡಾಂಬರಿನ ಮೇಲೆ ಉರುಳುವ ಚಕ್ರಕ್ಕೆ ಹಿಡಿತ ಜಾಸ್ತಿ. ಸಡಿಲ ಜಲ್ಲಿಯಲ್ಲಿ, ಮರಳಿನಲ್ಲಿ ಲೆಕ್ಕ ಬೇರೆ. ಅಲ್ಲಿ ಲಾಕ್ ಆದ ಚಕ್ರ ನೆಲಕ್ಕೆ ಇಳಿದು, ತನ್ನ ಮುಂದೆ ಕಲ್ಲು ಮಣ್ಣಿನ ಒಂದು ಗುಡ್ಡೆಯನ್ನು ತಳ್ಳಿಕೊಂಡು ಹೋಗುತ್ತದೆ. ಆ ಗುಡ್ಡೆಯೇ ಬೈಕನ್ನು ನಿಲ್ಲಿಸುತ್ತದೆ. ಎಬಿಎಸ್ ಚಕ್ರವನ್ನು ಲಾಕ್ ಆಗಲು ಬಿಡುವುದಿಲ್ಲ, ಗುಡ್ಡೆಯೂ ಆಗುವುದಿಲ್ಲ.

ಇದರ ಬಿಸಿ ಸರಿಯಾಗಿ ತಟ್ಟುವುದು ಇಳಿಜಾರಿನಲ್ಲಿ. ಮೂಡಿಗೆರೆ, ಸಕಲೇಶಪುರದ ಕಡೆಯ ಎಸ್ಟೇಟ್ ದಾರಿಯೊಂದನ್ನು ನೆನೆಸಿಕೊಳ್ಳಿ. ಕಡಿದಾದ ಇಳಿಜಾರು, ಮೇಲೆ ಬಿಡಿ ಕಲ್ಲು, ಕೆಳಗೆ ತಿರುವು. ವೇಗ ಗಂಟೆಗೆ 15 ಕಿ.ಮೀ. ಕೂಡ ಇಲ್ಲ. ಹಿಂದಿನ ಬ್ರೇಕ್ ತುಳಿಯುತ್ತೀರಿ. ಚಕ್ರ ಜಾರಲು ಹೊರಟ ಕೂಡಲೇ ಎಬಿಎಸ್ ಬಿಡುತ್ತದೆ, ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಪೆಡಲ್ ಕಾಲಿಗೆ ಕುಟ್ಟುತ್ತಿದೆ, ಬೈಕ್ ಮಾತ್ರ ಇಳಿಯುತ್ತಲೇ ಇದೆ. ಬ್ರೇಕೇ ಇಲ್ಲವೇನೋ ಅನ್ನಿಸುತ್ತದೆ. ಇಂಥ ಕಡೆ ಹಿಂದಿನ ಚಕ್ರ ಲಾಕ್ ಆಗಿ ಎಳೆದುಕೊಂಡು ಬರಬೇಕು. ಸ್ವಲ್ಪ ಅಡ್ಡ ತಿರುಗಿದರೂ ಆ ವೇಗದಲ್ಲಿ ಸಂಭಾಳಿಸಬಹುದು.

ಮುಂದಿನ ಚಕ್ರದ ಮಾತು ಹಾಗಲ್ಲ. ಅದು ಮಣ್ಣಿನಲ್ಲಿ ಲಾಕ್ ಆದರೂ ಬೀಳಿಸುವುದೇ. ಹಾಗಾಗಿ ನನ್ನ ಅಭಿಪ್ರಾಯ ನೇರ: ಸಾಧಾರಣ ಸವಾರರಿಗೆ ಬೇಕಾದ್ದು ಎರಡೂ ಚಕ್ರಕ್ಕೆ ಎಬಿಎಸ್ ಇದ್ದು, ಹಿಂದಿನದನ್ನು ಮಾತ್ರ ಆಫ್ ಮಾಡಲು ಬರುವ ಬೈಕ್. ಎರಡನ್ನೂ ಆಫ್ ಮಾಡುವ ಸೌಲಭ್ಯ ಇದ್ದರೆ ಇರಲಿ. ಅದಕ್ಕೆಂದು ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಸಿಂಗಲ್ ಚಾನೆಲ್ಲೋ, ಡ್ಯುಯಲ್ ಚಾನೆಲ್ಲೋ?

ಸಿಂಗಲ್ ಚಾನೆಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್. ನಿಯಮಕ್ಕೆ ಇಷ್ಟು ಸಾಕು, ಬೆಲೆಯೂ ಕಡಿಮೆ. ಡ್ಯುಯಲ್ ಚಾನೆಲ್‌ನಲ್ಲಿ ಎರಡಕ್ಕೂ ಇರುತ್ತದೆ.

ಮಣ್ಣಿನ ಲೆಕ್ಕದಲ್ಲಿ ನೋಡಿದರೆ, ಸಿಂಗಲ್ ಚಾನೆಲ್ ಬೈಕ್ ಯಾವಾಗಲೂ ‘ಹಿಂದಿನದು ಆಫ್’ ಆಗಿರುವ ಬೈಕ್. ಸ್ವಿಚ್ ಒತ್ತುವ ಗೊಡವೆಯೇ ಇಲ್ಲ. ಹಗುರ ಬೈಕಿನಲ್ಲಿ ಹೆಚ್ಚಾಗಿ ತೋಟದೊಳಗೇ ಓಡಾಡುವವರಿಗೆ ಇದು ಕೊರತೆ ಅಲ್ಲ. ಆದರೆ ಶಿರಾಡಿಯಲ್ಲಿ ಮಳೆ ಹೊಯ್ಯುತ್ತಿರುವಾಗ ಮುಂದಿನ ಲಾರಿ ಗಕ್ಕನೆ ನಿಂತಿತು ಅಂದುಕೊಳ್ಳಿ. ಎಲ್ಲರ ಕಾಲೂ ಪೆಡಲನ್ನು ಬಲವಾಗಿ ತುಳಿಯುತ್ತದೆ. ಹಿಂದಿನ ಚಕ್ರ ಲಾಕ್ ಆಗಿ ಪಕ್ಕಕ್ಕೆ ಎಳೆಯುತ್ತದೆ. ಹೈವೇ ಓಡಾಟ ಜಾಸ್ತಿ ಇದ್ದರೆ ಡ್ಯುಯಲ್ ಚಾನೆಲ್ಲೇ ತೆಗೆದುಕೊಳ್ಳಿ.

ಬೈಕ್ ವಾಲಿದಾಗ ಎಷ್ಟು ವಾಲಿದೆ ಎಂದು ಅಳೆದು ಕೆಲಸ ಮಾಡುವ ಕಾರ್ನರಿಂಗ್ ಎಬಿಎಸ್ ಕೂಡ ಇದೆ. ಅದಿಲ್ಲದ ಎಬಿಎಸ್‌ಗೆ ನೀವು ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ವಾಲಿದ್ದೀರಿ ಎನ್ನುವುದು ಗೊತ್ತಾಗುವುದಿಲ್ಲ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಮುಗಿಸುವ ಅಭ್ಯಾಸವಿದ್ದರೆ ಅದಿಲ್ಲದೆಯೂ ನಡೆಯುತ್ತದೆ.

ಶೋರೂಂನಲ್ಲಿ ಕೇಳಬೇಕಾದ್ದು

ಹೆಸರು ನೋಡಿ ಮೋಸ ಹೋಗಬೇಡಿ. ‘ಆಫ್‌ರೋಡ್ ಮೋಡ್’ ಎಂದರೆ ಎಲ್ಲ ಬೈಕಿನಲ್ಲೂ ಒಂದೇ ಅಲ್ಲ. ಕೆಟಿಎಂ 390 ಅಡ್ವೆಂಚರ್‌ನಲ್ಲಿ ಆ ಮೋಡ್ ಹಿಂದಿನದನ್ನು ಆಫ್ ಮಾಡಿ, ಮುಂದಿನದರ ಅಡ್ಡಿಯನ್ನು ಕಡಿಮೆ ಮಾಡುತ್ತದೆ. ಹೀರೋ ಎಕ್ಸ್‌ಪಲ್ಸ್ 200 4ವಿಯ 2023ರ ಮಾದರಿ ಸಿಂಗಲ್ ಚಾನೆಲ್ಲೇ ಆದರೂ ಅದರಲ್ಲಿ ರೋಡ್, ಆಫ್‌ರೋಡ್, ರ‍್ಯಾಲಿ ಎಂದು ಮೂರು ಮೋಡ್ ಇವೆ. ರ‍್ಯಾಲಿಯಲ್ಲಿ ಎಬಿಎಸ್ ಪೂರ್ತಿ ಬಂದ್. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಎಬಿಎಸ್ ಇಲ್ಲದೆಯೇ ಬಂತು, 2018ರಲ್ಲಿ ಡ್ಯುಯಲ್ ಚಾನೆಲ್ ಸೇರಿತು, ಹಿಂದಿನದನ್ನು ಆಫ್ ಮಾಡುವ ಸ್ವಿಚ್ ಸಿಕ್ಕಿದ್ದು 2020ರ ಬಿಎಸ್6 (ಹೊಸ ಹೊಗೆ ನಿಯಮದ) ಮಾದರಿಯಲ್ಲಿ. 2022ರಲ್ಲಿ ಬಂದ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ನೋಡಲು ಅಡ್ವೆಂಚರ್ ಬೈಕ್. ಡ್ಯುಯಲ್ ಚಾನೆಲ್ ಇದೆ, ಆದರೆ ಆಫ್ ಸ್ವಿಚ್ ಇಲ್ಲದೆ ಬಂತು. ನೀವು ಕೊಳ್ಳುವ ವರ್ಷದ ಮಾದರಿಯಲ್ಲಿ ಏನಿದೆ ಎಂದು ಕೇಳಿಯೇ ತಿಳಿಯಿರಿ.

ಎರಡನೆಯ ಪ್ರಶ್ನೆ: ಕೀ ತಿರುಗಿಸಿ ಆಫ್ ಮಾಡಿ ಆನ್ ಮಾಡಿದರೆ ಏನಾಗುತ್ತದೆ? ಎಬಿಎಸ್ ತಾನಾಗಿ ಮತ್ತೆ ಆನ್ ಆಗುವ ಬೈಕುಗಳೇ ಹೆಚ್ಚು. ಡಾಂಬರಿಗೆ ಬಂದಾಗ ಮರೆತರೂ ಕಾಪಾಡಲಿ ಎಂದು ಹಾಗೆ ಮಾಡಿರುತ್ತಾರೆ. ಆದರೆ ಇಳಿಜಾರಿನ ಮಧ್ಯೆ ಫೋಟೋ ತೆಗೆಯಲು ನಿಲ್ಲಿಸಿ ಹೊರಟವರು, ಇನ್ನೂ ಆಫ್ ಇದೆ ಅಂದುಕೊಂಡೇ ಪೆಡಲ್ ತುಳಿಯುತ್ತಾರೆ. ಮಾರುವವರಿಗೂ ಗೊತ್ತಿಲ್ಲದಿದ್ದರೆ ಅಲ್ಲೇ ಕೀ ತಿರುಗಿಸಿ ನೋಡಿ.

ಮೂರನೆಯದು ಸ್ವಿಚ್ ಎಲ್ಲಿದೆ ಎನ್ನುವುದು. ಗ್ಲೌಸ್ ಹಾಕಿದ ಕೈಯಲ್ಲಿ ಒತ್ತಲು ಬರುತ್ತದೆಯೇ, ಮೀಟರಿನ ಮೆನುವಿನೊಳಗೆ ಹುಡುಕಬೇಕೇ? ಹಲವು ಬೈಕುಗಳಲ್ಲಿ ನಿಲ್ಲಿಸಿಯೇ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ನಿಂತು ಆಫ್ ಮಾಡಿಕೊಳ್ಳಿ.

ಸ್ವಿಚ್ ಇಲ್ಲದ ಬೈಕಿನ ಫ್ಯೂಸ್ ಕಿತ್ತು ಓಡಿಸುವವರಿದ್ದಾರೆ. ಬೇಡ. ಹಾಗೆ ಮಾಡಿದರೆ ಮುಂದಿನದೂ ಹೋಗುತ್ತದೆ, ವಾಪಸ್ ಹಾಕಲು ಯಾರಿಗೂ ನೆನಪಿರುವುದಿಲ್ಲ.

ಮನೆಗೆ ತಂದ ಮೇಲೆ

ಸೈಟು ಮಾರಿ ಇನ್ನೂ ಮನೆ ಏಳದ ಲೇಔಟ್‌ಗಳು ಊರಾಚೆ ಬೇಕಾದಷ್ಟಿವೆ. ಜನ, ನಾಯಿ ಇಲ್ಲದ ಒಂದು ನೇರ ರಸ್ತೆ ಹುಡುಕಿ. ಹೆಲ್ಮೆಟ್, ಜಾಕೆಟ್, ಶೂ ಹಾಕಿಕೊಂಡು ಗಂಟೆಗೆ 30 ಕಿ.ಮೀ. ವೇಗದಲ್ಲಿ ನೇರ ಹೋಗಿ, ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ನಿಲ್ಲುವವರೆಗೂ ಬಿಡಬೇಡಿ. ಲಿವರ್ ಕುಟ್ಟಿದ ಕೂಡಲೇ ಬೆಚ್ಚಿ ಕೈ ಸಡಿಲಿಸುವುದು ಸಹಜ. ಆ ಭಯ ಹೋಗುವವರೆಗೂ ಮಾಡಿ. ಹಳೇ ಡ್ರಮ್ ಬ್ರೇಕಿನಲ್ಲಿ ಕಲಿತವರಿಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುವ ಚಟ ಇರುತ್ತದೆ. ಎಬಿಎಸ್ ಬೈಕಿನಲ್ಲಿ ಆ ಕೆಲಸ ಅದರದ್ದು, ನಿಮ್ಮದಲ್ಲ.

ಆಮೇಲೆ ಸಮತಟ್ಟಾದ ಜಲ್ಲಿ ನೆಲದಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗಿ ಹಿಂದಿನ ಬ್ರೇಕ್ ಮಾತ್ರ ತುಳಿದು ನೋಡಿ. ಒಮ್ಮೆ ಎಬಿಎಸ್ ಆನ್ ಇಟ್ಟು, ಇನ್ನೊಮ್ಮೆ ಆಫ್ ಮಾಡಿ. ಎಲ್ಲಿ ನಿಂತಿತು ಎಂದು ಎರಡು ಸಲವೂ ಕಲ್ಲಿಟ್ಟು ಗುರುತು ಮಾಡಿ. ಇಷ್ಟು ಹೊತ್ತು ಹೇಳಿದ್ದೆಲ್ಲ ಆ ಎರಡು ಕಲ್ಲಿನ ನಡುವಿನ ಅಂತರದಲ್ಲಿ ಕಾಣುತ್ತದೆ.

ಇಳಿಜಾರಿಗೆ ಹೋದಾಗ ಒಂದನೇ ಗೇರ್, ಕ್ಲಚ್ ಪೂರ್ತಿ ಬಿಟ್ಟಿರಬೇಕು. ಅರ್ಧ ಬ್ರೇಕ್ ಕೆಲಸ ಎಂಜಿನ್ನೇ ಮಾಡುತ್ತದೆ. ಮುಂದಿನ ಲಿವರಿಗೆ ಒಂದೆರಡು ಬೆರಳು ಸಾಕು. ಪಾಚಿ ಹಿಡಿದ ಕಲ್ಲಿನ ಮೇಲೆ, ಮಳೆಯಲ್ಲಿ ನೆನೆದ ಎರೆಮಣ್ಣಿನ ಮೇಲೆ ಯಾವ ಎಬಿಎಸ್ಸೂ ಪವಾಡ ಮಾಡುವುದಿಲ್ಲ. ಟೈರಿಗೆ ಹಿಡಿತವೇ ಇಲ್ಲದಾಗ ಹಂಚಿಕೊಡಲು ಅದರ ಬಳಿ ಏನೂ ಇರುವುದಿಲ್ಲ.

ನೋಡಿಕೊಳ್ಳುವುದು

ಕೆಸರಿನಲ್ಲಿ ಓಡಿಸಿದ ಮೇಲೆ ತೂತಿನ ಉಂಗುರ ಮತ್ತು ಸೆನ್ಸರ್ ಬಳಿ ಅಂಟಿದ ಮಣ್ಣು ತೆಗೆಯಿರಿ. ವಾಟರ್ ಗನ್ನನ್ನು ನೇರ ಸೆನ್ಸರಿಗೆ ಹಿಡಿಯಬೇಡಿ. ಸ್ಪೋಕ್ ವೀಲ್ ಪಂಕ್ಚರ್ ಆದಾಗ ಅಂಗಡಿಯವರು ಚಕ್ರ ಬಿಚ್ಚುತ್ತಾರಲ್ಲ, ಆಗ ಪಕ್ಕದಲ್ಲೇ ನಿಲ್ಲಿ. ಉಂಗುರ ಡೊಂಕಾಗುವುದು, ಸೆನ್ಸರ್ ವೈರ್ ಸಿಕ್ಕಿ ಜಜ್ಜುವುದು ಅಲ್ಲೇ. ಬ್ರೇಕ್ ಆಯಿಲ್ ನೀರಿನ ಪಸೆ ಹೀರುತ್ತದೆ. ಕಂಪನಿಯ ಕೈಪಿಡಿಯಲ್ಲಿ ಬೇರೆ ಹೇಳಿರದಿದ್ದರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಟೈರ್ ಅಳತೆಯನ್ನೂ ಮನಸ್ಸಿಗೆ ಬಂದಂತೆ ಬದಲಿಸಬೇಡಿ, ಎಬಿಎಸ್ ಲೆಕ್ಕ ಹಾಕುವುದು ಮೂಲ ಅಳತೆಯ ಮೇಲೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೀಟರಿನ ಎಬಿಎಸ್ ದೀಪ ನೋಡಬೇಕು. ಕೀ ತಿರುಗಿಸಿದಾಗ ಅದು ಹತ್ತಬೇಕು, ಬೈಕ್ ನಾಲ್ಕಾರು ಮೀಟರ್ ಚಲಿಸಿದ ಮೇಲೆ ಆರಬೇಕು. ಆರದಿದ್ದರೆ ಎಲ್ಲೋ ದೋಷ ಇದೆ. ಸೆನ್ಸರಿಗೆ ಮಣ್ಣು ಮೆತ್ತಿಕೊಂಡಿರಬಹುದು, ಎಬಿಎಸ್ ಪೆಟ್ಟಿಗೆಯೇ ಕೆಟ್ಟಿರಬಹುದು. ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿದ ಮೇಲೆಯೇ ಬೆಲೆ ಮಾತಾಡಿ. ಕೀ ತಿರುಗಿಸಿದಾಗ ದೀಪ ಹತ್ತಲೇ ಇಲ್ಲವೇ? ಅದು ಎಬಿಎಸ್ ಬರುವ ಮೊದಲಿನ ಮಾದರಿಯಾಗಿರಬೇಕು. ಇಲ್ಲವೆಂದರೆ ಯಾರೋ ದೀಪದ ವೈರ್ ಕಿತ್ತಿರಬಹುದು. ಆ ಬೈಕ್ ಬಿಟ್ಟು ಬೇರೆಯದನ್ನು ನೋಡಿ.