ಬೀಜ ಮೊಳಕೆ ಬರ್ತಿಲ್ವಾ? ಲೋಟದ ನೀರು, ಒದ್ದೆ ಬಟ್ಟೆ, ಟ್ರೇ: ಯಾವ ಬೀಜಕ್ಕೆ ಯಾವುದು

ಬೇಸಿಗೆ ತರಕಾರಿಗೆ ಅಂತ ಜನವರಿಲಿ ಬೀಜ ಹಾಕಿ ಹದಿನೈದು ದಿನ ಆದ್ರೂ ಒಂದೂ ತಲೆ ಎತ್ತಲಿಲ್ಲ ಅಂದ್ರೆ ನಾವು ಮೊದಲು ಬೈಯೋದು ಬೀಜ ಕೊಟ್ಟ ಅಂಗಡಿಯವನನ್ನ. ನಾನೂ ಬೈದಿದ್ದೀನಿ, ಸುಳ್ಳು ಹೇಳಲ್ಲ. ಆದ್ರೆ ಈ ಚಿಕ್ಕಮಗಳೂರು ಚಳಿಲಿ ಸುಮಾರು ಸಲ ತಪ್ಪು ಬೀಜದ್ದಲ್ಲ, ನಾವು ಅದನ್ನ ಇಟ್ಟ ಜಾಗದ್ದು. ಮೆಣಸಿನಕಾಯಿ ಬೀಜಕ್ಕೆ 25ರಿಂದ 30 ಡಿಗ್ರಿ ಬೆಚ್ಚಗೆ ಬೇಕು, ನಮ್ಮ ಹಿತ್ತಲ ಮಣ್ಣು ಬೆಳಿಗ್ಗೆ ಮುಟ್ಟಿದ್ರೆ ಆಗಷ್ಟೇ ಫ್ರಿಜ್ಜಿಂದ ತೆಗ್ದಂಗಿರುತ್ತೆ. ಅದರೊಳಗೆ ಬೀಜ ಮಲಗಿಸಿ "ಏಳು ಏಳು" ಅಂದ್ರೆ ಯಾಕೆ ಏಳುತ್ತೆ?

ಮೊದಲು ಪ್ಯಾಕೆಟ್ ಹಿಂದೆ ತಿರುಗಿಸಿ ನೋಡಿ. ಪರೀಕ್ಷೆ ಮಾಡಿದ ದಿನ, ಎಲ್ಲಿವರೆಗೆ ನಡೆಯುತ್ತೆ ಅನ್ನೋ ದಿನ, ಮೊಳಕೆ ಶೇಕಡಾ ಎಷ್ಟು, ಎಲ್ಲಾ ಇರುತ್ತೆ. ಮೆಣಸಿನಕಾಯಿಗೆ ಕನಿಷ್ಠ 60, ಟೊಮೆಟೊ, ಬದನೆಗೆ 70, ಬೆಂಡೆಗೆ 65 ಇರಬೇಕು ಅನ್ನೋದು ಸರ್ಕಾರದ ಲೆಕ್ಕ. ಅಂದ್ರೆ ಹತ್ತು ಮೆಣಸಿನಕಾಯಿ ಬೀಜದಲ್ಲಿ ಆರು ಬಂದ್ರೂ ಅಂಗಡಿಯವನು ನಮಗೆ ಮೋಸ ಮಾಡಿಲ್ಲ ಅಂತಲೇ ಅರ್ಥ, ಹಾಗಾಗಿ ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿನೇ ಹಾಕಿ. ಬೀಜ ಗುಲಾಬಿ ಬಣ್ಣಕ್ಕಿದ್ರೆ ಅದು ಔಷಧಿ ಲೇಪನ, ಮುಟ್ಟಿದ ಮೇಲೆ ಕೈ ತೊಳ್ಕೊಳಿ, ಮಕ್ಕಳ ಕೈಗೆ ಕೊಡಬೇಡಿ.

ಈಗ ವಿಧಾನಕ್ಕೆ ಬರೋಣ.

ಲೋಟದ ನೀರಲ್ಲಿ ನೆನೆಸೋದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಜಾಸ್ತಿ ಬೀಜ ಹಾಳಾಗೋದೂ ಇದರಲ್ಲೇ. ರಾತ್ರಿ ಉಗುರುಬೆಚ್ಚಗಿನ ನೀರಿಗೆ ಹಾಕಿ ಬೆಳಿಗ್ಗೆ ತೆಗೆದುಬಿಡಬೇಕು, ಎಂಟರಿಂದ ಹನ್ನೆರಡು ಗಂಟೆ ಸಾಕು, ಗಟ್ಟಿ ಸಿಪ್ಪೆಯ ಹಾಗಲ, ಸೋರೆಗಾದ್ರೆ ಒಂದು ದಿನ. ಅದರ ಮೇಲೆ ಬಿಟ್ರೆ ಬೀಜಕ್ಕೆ ಉಸಿರು ಕಟ್ಟುತ್ತೆ. ಮೊಳಕೆಗೆ ನೀರೆಷ್ಟು ಬೇಕೋ ಗಾಳಿನೂ ಅಷ್ಟೇ ಬೇಕು. ನಮ್ಮ ಪಕ್ಕದ ಮನೆಯವರು ಮದುವೆಗೆ ಅಂತ ಹಾಸನಕ್ಕೆ ಹೋಗಿ ಮೂರು ದಿನ ಬಿಟ್ಟು ಬಂದು ನೋಡ್ತಾರೆ, ಲೋಟ ತುಂಬ ಲೋಳೆ, ಹುಳಿ ವಾಸನೆ. ಇನ್ನೊಂದು, ತೇಲಿದ ಬೀಜ ಜೊಳ್ಳು ಅಂತ ಎತ್ತಿ ಬಿಸಾಕಬೇಡಿ. ಭತ್ತಕ್ಕೆ ಉಪ್ಪುನೀರಲ್ಲಿ ಜೊಳ್ಳು ತೆಗೆಯೋ ಲೆಕ್ಕ ಸರಿ, ಮೆಣಸಿನಕಾಯಿ ಬೀಜ ಒಣಗಿ ಹಗುರ ಇರೋದ್ರಿಂದ ಒಳ್ಳೇದೂ ತೇಲುತ್ತೆ. ಹುರುಳಿಕಾಯಿ, ಅವರೆ ಬೀಜ ಜಾಸ್ತಿ ಹೊತ್ತು ನೆನೆಸಿದ್ರೆ ಉಬ್ಬಿ ಬಿರಿದು ಎರಡು ಹೋಳಾಗುತ್ತೆ, ಅವನ್ನ ಹಾಗೇ ಮಣ್ಣಿಗೆ ಹಾಕೋದೇ ಮೇಲು.

ಎರಡನೇದು ಒದ್ದೆ ಬಟ್ಟೆ ಅಥವಾ ಟಿಶ್ಯೂ ಪೇಪರ್. ಹೊಸದೇನಲ್ಲ ಕಣ್ರೀ, ಭತ್ತ ನೆನೆಸಿ ಗೋಣಿಚೀಲಕ್ಕೆ ತುಂಬಿ ಹುಲ್ಲು ಮುಚ್ಚಿ ಮೇಲೆ ಕಲ್ಲು ಹೇರಿ ಮೊಳಕೆ ಕಟ್ತಾರಲ್ಲ, ಅದೇ ಲೆಕ್ಕ, ಸಣ್ಣದಾಗಿ. ಬೀಜ ಪರೀಕ್ಷೆ ಮಾಡೋ ಲ್ಯಾಬಲ್ಲೂ ಒದ್ದೆ ಕಾಗದದ ಮೇಲೆ ಬೀಜ ಜೋಡಿಸಿನೇ ಮೊಳಕೆ ಎಣಿಸ್ತಾರೆ. ಟಿಶ್ಯೂ ಎರಡು ಪದರ ಮಾಡಿ ನೀರು ಚಿಮುಕಿಸಿ, ಎತ್ತಿ ಹಿಡಿದ್ರೆ ತೊಟ್ಟಿಕ್ಕಬಾರದು, ಬೀಜ ಒಂದಕ್ಕೊಂದು ತಾಗದಂಗೆ ಇಟ್ಟು ಮಡಚಿ, ಮುಚ್ಚಳ ಇರೋ ಊಟದ ಡಬ್ಬಿಗೆ ಹಾಕಿ. ದಿನಕ್ಕೊಂದು ಸಲ ಮುಚ್ಚಳ ತೆಗೆದು ಗಾಳಿ ಆಡಿಸಿ. ಡಬ್ಬಿ ಮೇಲೆ ಬೀಜದ ಹೆಸರು, ತಾರೀಖು ಬರೀರಿ, ಬರೀದೇ ಇದ್ರೆ ಟೊಮೆಟೊ ಯಾವ್ದು ಬದನೆ ಯಾವ್ದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಹಾಗಲಕ್ಕೆ ನನ್ನ ಓಟು ಇದಕ್ಕೇ. ಆದ್ರೆ ಅದರ ಸಿಪ್ಪೆ ಕಲ್ಲು. ನಮ್ಮತ್ತೆ ಉಗುರು ಕತ್ತರಿಸೋ ಕಟರ್ ತಗೊಂಡು ಕಿಟಕಿ ಬೆಳಕಿಗೆ ಕೂತು ಒಂದೊಂದೇ ಬೀಜದ ಅಂಚನ್ನ ಟಿಕ್ ಅನ್ನೋವಷ್ಟು ಮಾತ್ರ ಬಿರಿಸ್ತಾರೆ, ಒಳಗಿನ ಬಿಳಿ ತಿರುಳಿಗೆ ತಾಗಲ್ಲ. ನಾನು ಅದೇ ಕೆಲಸ ಮಾಡಕ್ಕೋಗಿ ಮೊದಲನೇ ಸಲ ನಾಲ್ಕು ಬೀಜ ಎರಡು ತುಂಡು ಮಾಡಿದೆ, "ಅಡಿಕೆ ಕತ್ತರಿಸ್ತಿದ್ದೀಯೇನೋ" ಅಂತ ಬೈಸ್ಕೊಂಡೆ. ಬಿರಿಸಿ, ಒಂದು ರಾತ್ರಿ ನೆನೆಸಿ, ಆಮೇಲೆ ಬಟ್ಟೆಲಿ ಕಟ್ಟಿಟ್ರೆ ಬೆಚ್ಚಗಿನ ಜಾಗದಲ್ಲಿ ನಾಲ್ಕೈದು ದಿನಕ್ಕೆ ಬೇರಿನ ಮೂತಿ ಕಾಣುತ್ತೆ. ಹೀಗೆ ಮಾಡದೆ ನೇರ ಮಣ್ಣಿಗೆ ಹಾಕಿದ್ದು ಎರಡು ವಾರ ಕಾಯಿಸಿದ್ದೂ ಉಂಟು.

ಆ ಬೆಚ್ಚಗಿನ ಜಾಗ ಎಲ್ಲಿ ಅಂದ್ರೆ, ನಮ್ಮ ಮನೇಲಿ ಮೂರು. ಬಚ್ಚಲು ಒಲೆ ಹಿಂದಿನ ಗೋಡೆ ಗೂಡು, ಟಿವಿ ಸೆಟಪ್ ಬಾಕ್ಸ್ ಮೇಲೆ, ಅಕ್ಕಿ ಡಬ್ಬದ ಒಳಗೆ. ಒಲೆ ಹತ್ರ ಇಡೋದಾದ್ರೆ ಡಬ್ಬಿ ಮುಟ್ಟಿದ್ರೆ ಬೆಚ್ಚಗಷ್ಟೇ ಇರಬೇಕು, ಸುಡಬಾರದು. ಸೆಟಪ್ ಬಾಕ್ಸ್ ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ಅಡಿಗೊಂದು ಒಣ ಬಟ್ಟೆ ಹಾಸಿ, ನೀರು ಸೋರಿದ್ರೆ ಬೀಜದ ಜೊತೆ ಸೀರಿಯಲ್ಲೂ ಹೋಗುತ್ತೆ. ಬಿಸಿಲಿಗೆ ಇಡಬೇಡಿ, ಮುಚ್ಚಿದ ಡಬ್ಬಿ ಬಿಸಿಲಲ್ಲಿ ಬೀಜ ಬೇಯಿಸುತ್ತೆ.

ಈ ವಿಧಾನದ ಕಷ್ಟ ಒಂದೇ, ಎತ್ತಿ ನೆಡೋ ಹೊತ್ತು. ಬೇರು ಅರ್ಧ ಸೆಂಟಿಮೀಟರಿಂದ ಒಂದು ಸೆಂಟಿಮೀಟರ್ ಇದ್ದಾಗಲೇ ನೆಟ್ಟುಬಿಡಬೇಕು. "ಇನ್ನೂ ಸ್ವಲ್ಪ ಬರಲಿ" ಅಂತ ಕಾದ್ರೆ ಬೇರು ಟಿಶ್ಯೂ ಎಳೆಗಳೊಳಗೆ ಹೊಕ್ಕಿ ಕೂರುತ್ತೆ, ಬಿಡಿಸಕ್ಕೋದ್ರೆ ತುದಿ ಪಟ್ ಅಂತ ಮುರಿಯುತ್ತೆ. ಹಂಗಾಗಿದ್ರೆ ಬಿಡಿಸಬೇಡಿ, ಟಿಶ್ಯೂ ಸಮೇತ ಕತ್ತರಿಸಿ ನೆಡಿ, ಅದು ಮಣ್ಣಲ್ಲಿ ಕರಗುತ್ತೆ. ಬೇರು ಮುಟ್ಟಬೇಡಿ, ಬೀಜದ ಸಿಪ್ಪೆ ಹಿಡಿದು ಎತ್ತಿ, ಬೇರು ಕೆಳಮುಖ. ಬಿಳಿ ಬೂಷ್ಟು ಕಂಡ್ರೆ ಆ ಬೀಜ ತೆಗೆದು ಮಿಕ್ಕಿದ್ದಕ್ಕೆ ಹೊಸ ಟಿಶ್ಯೂ ಹಾಕಿ. ಬೇರಿನ ಮೇಲೆ ಸುತ್ತ ಒಂದೇ ಸಮ ಇರೋ ನವಿರು ಬಿಳಿ ರೋಮ ಬೂಷ್ಟಲ್ಲ, ಬೇರುರೋಮ, ಅದನ್ನ ನೋಡಿ ಹೆದರಿ ನಾನು ಒಂದು ಡಬ್ಬಿ ಬದನೆ ಪೂರ್ತಿ ತಿಪ್ಪೆಗೆ ಸುರಿದಿದ್ದೀನಿ.

ಮೂರನೇದು ಕೋಕೋಪೀಟ್ ತುಂಬಿದ ಟ್ರೇ. ಮೆಣಸಿನಕಾಯಿ, ಟೊಮೆಟೊ, ಬದನೆ ನಲವತ್ತು ಐವತ್ತು ಸಸಿ ಬೇಕು ಅಂದ್ರೆ ಇದೇ ಸರಿ, ಒಂದೊಂದೇ ಎತ್ತಿ ನೆಡೋ ಗೋಜಿಲ್ಲ. ತೆಂಗಿನ ನಾರಿನ ಪುಡಿ ಇದು, ಅರಸೀಕೆರೆ ಕಡೆಯವರಿಗೆ ಹೇಳೋದೇ ಬೇಡ. ಇಟ್ಟಿಗೆ ಥರ ಸಿಗೋದನ್ನ ನೀರಿಗೆ ಹಾಕಿ ಅರಳಿಸಿ, ಎರಡು ಮೂರು ಸಲ ತೊಳೆದು ಹಿಂಡಿ, ಯಾಕಂದ್ರೆ ಅದರಲ್ಲಿ ಉಪ್ಪಿನಂಶ ಇರುತ್ತೆ, ಎಳೆ ಸಸಿ ತುದಿ ಸುಡುತ್ತೆ. ಮುಷ್ಟಿಲಿ ಗಟ್ಟಿಯಾಗಿ ಹಿಂಡಿದ್ರೆ ಒಂದೆರಡು ಹನಿ ಬರಬೇಕು, ಧಾರೆ ಬಂದ್ರೆ ಜಾಸ್ತಿ ಆಯ್ತು. ಬೀಜ ಅದರ ದಪ್ಪದ ಎರಡು ಮೂರರಷ್ಟು ಆಳಕ್ಕೆ ಹಾಕಿ, ಮೇಲೆ ಪೇಪರ್ ಮುಚ್ಚಿ. ಮೊದಲನೇ ಸಸಿ ಕುತ್ತಿಗೆ ಎತ್ತಿದ ದಿನವೇ ಮುಚ್ಚಿದ್ದನ್ನ ತೆಗೆದು ಬೆಳಕಿಗೆ ತನ್ನಿ. ಒಂದು ದಿನ ತಡ ಮಾಡಿದ್ರೂ ದಾರದ ಹಾಗೆ ಉದ್ದ ಎಳೆದು ಬಿದ್ದೋಗುತ್ತೆ. ಟೊಮೆಟೊ ಬೆಚ್ಚಗಿದ್ರೆ ವಾರದೊಳಗೆ, ಮೆಣಸಿನಕಾಯಿ ಎಂಟು ದಿನದಿಂದ ಎರಡು ವಾರ.

ಇಲ್ಲಿ ಬರೋ ದೊಡ್ಡ ಕಾಟ ಅಂದ್ರೆ ಸಸಿ ಚೆನ್ನಾಗೇ ಹುಟ್ಟಿ ಬುಡದಲ್ಲಿ ಹಿಂಡಿದಂಗಾಗಿ ಮಲಗಿಬಿಡೋದು. ಅದು ಮಣ್ಣಲ್ಲಿರೋ ಶಿಲೀಂಧ್ರದ ಕೆಲಸ, ಅದಕ್ಕೆ ಅನ್ನ ಹಾಕೋದು ನಮ್ಮ ಜಾಸ್ತಿ ನೀರು. ಸಂಜೆ ನೀರು ಹಾಕಬೇಡಿ, ಬೆಳಿಗ್ಗೆ ಹಾಕಿ, ಮೇಲಿನ ಪದರ ಆರಲಿ. ಟ್ರೈಕೋಡರ್ಮಾ ಪುಡಿ (ಕೆಟ್ಟ ಶಿಲೀಂಧ್ರವನ್ನ ಅಡಗಿಸೋ ಒಳ್ಳೆ ಶಿಲೀಂಧ್ರ ಇದು) ಸಿಕ್ಕಿದ್ರೆ ಕೋಕೋಪೀಟಿಗೆ ಕಲಸಿ, ಎಷ್ಟು ಅಂತ ಪ್ಯಾಕೆಟ್ ಮೇಲೆ ಇರುತ್ತೆ, ಗೊತ್ತಾಗದಿದ್ರೆ ನಮ್ಮ ಕಡೆಯವರು ಮೂಡಿಗೆರೆ, ಹಾಸನದವರು ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ನೇರ ಮಣ್ಣಿಗೇ ಹಾಕಬೇಕಾದವು ಕೆಲವು. ಮೂಲಂಗಿ, ಕ್ಯಾರೆಟ್ ಕಿತ್ತು ನೆಟ್ರೆ ಬೇರು ಸೊಟ್ಟಗಾಗಿ ಕಾಲು ಎರಡಾಗುತ್ತೆ. ಕೊತ್ತಂಬರಿ ಕಾಳು ಅಂಗೈಲಿ ಉಜ್ಜಿ ಎರಡು ಹೋಳು ಮಾಡಿ ಹಾಕಿ. ದಂಟಿನ ಬೀಜ ಮರಳಲ್ಲಿ ಕಲಸಿ ಎರಚಿ, ಮೇಲೆ ಮಣ್ಣು ಹೆಸರಿಗೆ ಮಾತ್ರ. ಇರುವೆ ಸಾಲು ಕಟ್ಟಿ ಬೀಜ ಹೊತ್ಕೊಂಡು ಹೋಗ್ತಿದ್ರೆ ಮಡಿ ಸುತ್ತ ಒಲೆ ಬೂದಿ ಗೆರೆ ಎಳೀರಿ, ನೀರು ಬಿದ್ದಾಗ ಮತ್ತೆ ಎಳೀಬೇಕು.

ಕೊನೇದಾಗಿ ಟೋಪಿ ವಿಷಯ. ಹಾಗಲ, ಸೋರೆ ಸಸಿ ಮೇಲೆ ಬರುವಾಗ ಸಿಪ್ಪೆ ತಲೆಗೇ ಸಿಕ್ಕಿಕೊಂಡು ಎಲೆ ಬಿಚ್ಚಕ್ಕಾಗದೆ ನಿಂತಿರುತ್ತೆ. ಕಾಫಿ ನರ್ಸರಿಲಿ ಟೋಪಿ ಹಂತ ಅಂತಾರಲ್ಲ, ಅದೇ ಥರ ಕಾಣುತ್ತೆ, ಆದ್ರೆ ಕಾಫಿಲಿ ಅದು ಮಾಮೂಲು, ಕಿತ್ತು ಕವರಿಗೆ ಹಾಕೋ ಹದ. ತರಕಾರಿಲಿ ಇದು ಬೀಜ ತೀರಾ ಮೇಲೆ ಹಾಕಿದ್ದಕ್ಕೆ ಇಲ್ಲಾ ಮೇಲ್ಮಣ್ಣು ಒಣಗಿದ್ದಕ್ಕೆ. ಒಣಗಿದ್ದಾಗ ಎಳೆದ್ರೆ ಎಲೆನೂ ಕಿತ್ತು ಬರುತ್ತೆ. ಒಂದು ಹನಿ ನೀರು ಸಿಪ್ಪೆ ಮೇಲೆ ಬಿಟ್ಟು, ಕಾಫಿ ಕುಡಿದು ಬಂದು, ಆಮೇಲೆ ಎರಡು ಬೆರಳಲ್ಲಿ ಮೆತ್ತಗೆ ಅಮುಕಿ. ಜಾರಿ ಬರುತ್ತೆ.