ಸಮುದ್ರದ ತಳದ ಕೆಸರಲ್ಲಿ ಪ್ರವಾಹದ ವೇಗ ಹುಡುಕಿದ್ದು: ನನ್ನ ಅನುಭವ

ನಾನು ಕೆಲಸ ಮಾಡಿದ್ದು ಐಸ್‌ಲ್ಯಾಂಡ್‌ನ ದಕ್ಷಿಣಕ್ಕಿರೋ ಗಾರ್ಡಾರ್ ಡ್ರಿಫ್ಟ್‌ನಿಂದ ತೆಗೆದ ಒಂದು ಕೋರ್ ಮೇಲೆ, ಅಂದ್ರೆ ಸಮುದ್ರದ ತಳಕ್ಕೆ ಕೊಳವೆ ಇಳಿಸಿ ಎತ್ತಿದ ಕೆಸರಿನ ಉದ್ದ ಕಂಬ. ಡ್ರಿಫ್ಟ್ ಅಂದ್ರೆ ಆಳದ ಪ್ರವಾಹ ತಂದು ಪೇರಿಸಿರೋ ಕೆಸರಿನ ದಿಬ್ಬ, ನೂರಾರು ಕಿಲೋಮೀಟರ್ ಉದ್ದ ಇರುತ್ತೆ. ಉತ್ತರದಲ್ಲಿ ತಣ್ಣಗಾಗಿ ಭಾರ ಆದ ನೀರು ಐಸ್‌ಲ್ಯಾಂಡ್-ಸ್ಕಾಟ್ಲೆಂಡ್ ಮಧ್ಯದ ಏರು ದಾಟಿ ಕೆಳಗಿಳಿಯುತ್ತೆ, ಭೂಮಿ ತಿರುಗೋದ್ರಿಂದ ಬಲಕ್ಕೆ ವಾಲ್ಕೊಂಡು ಸಮುದ್ರದೊಳಗಿನ ರೇಕ್ಯಾನೆಸ್ ಪರ್ವತಸಾಲಿನ ಪೂರ್ವದ ಇಳಿಜಾರು ಹಿಡಿದೇ ನೈಋತ್ಯಕ್ಕೆ ಹೋಗುತ್ತೆ, ಹಾಗಾಗಿ ಕೆಸರೂ ಇಳಿಜಾರಲ್ಲಿ ಕೆಳಕ್ಕೆ ಜಾರದೆ ಅಡ್ಡಕ್ಕೆ ಸಾಗಿ ವೇಗ ಕಮ್ಮಿ ಆದ ಕಡೆ ಕೂರುತ್ತೆ. 1966ರಲ್ಲಿ ಹೀಜನ್, ಹಾಲಿಸ್ಟರ್, ರಡ್ಡಿಮನ್ ಅನ್ನೋ ವಿಜ್ಞಾನಿಗಳು ಅಮೆರಿಕದ ಪೂರ್ವ ಕರಾವಳಿಯಾಚೆ ತೋರಿಸಿದ್ದೂ ಇದನ್ನೇ.

ಕೋರ್ ಸೀಳಿದಾಗ ಮೊದಲು ನೋಡಿದ್ದು ಗೆರೆಗಳನ್ನ. ಮೇಲಿಂದ ಒಮ್ಮೆಲೇ ಜಾರಿ ಬಂದ ಕೆಸರಾದ್ರೆ ತಳದಲ್ಲಿ ಚೂಪಾದ ಗೆರೆ, ಕೆಳಗೆ ದಪ್ಪ ಕಣ ಮೇಲೆ ಸಣ್ಣ ಕಣ. ಇಲ್ಲಿ ಅದಿಲ್ಲ, ಬೂದು ಕೆಸರಲ್ಲಿ ಹುಳ ಕೊರೆದ ಮಚ್ಚೆಗಳು, ಬಣ್ಣ ಎಲ್ಲಿ ಬದಲಾಯ್ತು ಅಂತ ಬೆರಳಿಟ್ಟು ತೋರಿಸೋಕಾಗಲ್ಲ. ನಿಧಾನಕ್ಕೆ ಬಿದ್ದ ಕೆಸರಿನ ಗುರುತು ಅದು.

ಆಮೇಲೆ ಲ್ಯಾಬ್. ಕೆಸರನ್ನ 63 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಜರಡೀಲಿ ತೊಳೆದೆ, ಮೇಲೆ ಉಳಿದಿದ್ದು ಫೊರಾಮಿನಿಫೆರಾ ಅನ್ನೋ ಏಕಕೋಶ ಜೀವಿಗಳ ಚಿಪ್ಪು, ಮರಳು. ಕೆಳಗಿಳಿದಿದ್ದಕ್ಕೆ ಅಸಿಟಿಕ್ ಆಸಿಡ್ ಹಾಕಿ ಸುಣ್ಣ ಕರಗಿಸಬೇಕು, ಡಯಾಟಮ್ ಅನ್ನೋ ಸಣ್ಣ ಪಾಚಿಗಳ ಗಾಜಿನಂಥ ಚಿಪ್ಪು ಹೋಗೋಕೆ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ 85 ಡಿಗ್ರೀಲಿ ಗಂಟೆಗಟ್ಟಲೆ ಇಡಬೇಕು, ಯಾಕಂದ್ರೆ ಅವು ಅಲ್ಲೇ ಮೇಲಿನ ನೀರಲ್ಲಿ ಬದುಕಿ ಸತ್ತು ಬಿದ್ದವು, ಅವುಗಳ ಗಾತ್ರಕ್ಕೂ ಪ್ರವಾಹಕ್ಕೂ ನೇರ ಸಂಬಂಧ ಇಲ್ಲ. ಇದನ್ನ ಅವಸರ ಮಾಡ್ಬೇಡಿ ದಯವಿಟ್ಟು. ಕೊನೆಗೆ ಕ್ಯಾಲ್ಗಾನ್ (ಕಣ ಅಂಟದ ಹಾಗೆ ಮಾಡೋ ರಾಸಾಯನಿಕ) ಹಾಕಿದ ನೀರಲ್ಲಿ ಕಣ ಬಿಡಿಸಿ, ಒಂದೊಂದೇ ಕಣದ ಗಾತ್ರ ಅಳೆಯೋ ಕೋಲ್ಟರ್ ಕೌಂಟರ್‌ಗೆ. ಲೇಸರ್ ಮೆಷಿನ್ ಬೇಗ ಆಗುತ್ತೆ ನಿಜ, ಆದ್ರೆ ಚಪ್ಪಟೆ ಜೇಡಿ ಕಣವನ್ನ ದಪ್ಪ ಅಂತ ಲೆಕ್ಕ ಹಾಕುತ್ತೆ, ನನಗೆ ಕೌಂಟರ್ ಮೇಲೇ ಹೆಚ್ಚು ನಂಬಿಕೆ.

ಲೆಕ್ಕಕ್ಕೆ ತಗೊಳ್ಳೋದು 10ರಿಂದ 63 ಮೈಕ್ರಾನ್ ಮಾತ್ರ. 10ಕ್ಕಿಂತ ಸಣ್ಣವು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಬೀಳ್ತವೆ, ಅದಕ್ಕಿಂತ ದಪ್ಪದವು ಬಿಡಿಬಿಡಿ, ಸುಗ್ಗೀಲಿ ರಾಶಿ ತೂರಿದಾಗ ಹೊಟ್ಟು ದೂರ ಹೋಗಿ ಕಾಳು ಹತ್ರ ಬೀಳೋ ಥರ ಪ್ರವಾಹ ಅವನ್ನ ಗಾತ್ರದ ಪ್ರಕಾರ ಬೇರೆ ಮಾಡುತ್ತೆ. ವಿಜ್ಞಾನಿ ಮೆಕೇವ್ ಮತ್ತೆ ಜೊತೆಗಾರರು 1995ರಲ್ಲಿ ಮುಂದಿಟ್ಟ ಈ ‘ಸಾರ್ಟಬಲ್ ಸಿಲ್ಟ್’ನ (ಸಿಲ್ಟ್ ಅಂದ್ರೆ ಮರಳಿಗಿಂತ ನುಣುಪಾದ ಕಣ, ಸಾರ್ಟಬಲ್ ಅಂದ್ರೆ ಪ್ರವಾಹ ವಿಂಗಡಿಸಬಲ್ಲದ್ದು) ಸರಾಸರಿ ಗಾತ್ರ ದೊಡ್ಡದಾದಷ್ಟೂ ಪ್ರವಾಹ ಜೋರು, ಗಾತ್ರವನ್ನ ಅಳೆದ ವೇಗಕ್ಕೆ ಹೋಲಿಸಿದ 2017ರ ಅವರ ಕ್ಯಾಲಿಬ್ರೇಶನ್ ಪ್ರಕಾರ ಸರಾಸರಿ ಒಂದು ಮೈಕ್ರಾನ್ ಹೆಚ್ಚಾದ್ರೆ ವೇಗ ಸುಮಾರು 1.36 ಸೆಂಟಿಮೀಟರ್ ಪ್ರತಿ ಸೆಕೆಂಡ್ ಹೆಚ್ಚುತ್ತೆ.

ಆದ್ರೆ ಉತ್ತರ ಅಟ್ಲಾಂಟಿಕ್‌ನಲ್ಲಿ ತೇಲೋ ಹಿಮಬಂಡೆಗಳೂ ಕರಗ್ತಾ ಸಿಲ್ಟ್, ಮರಳು ಉದುರಿಸ್ತವೆ! ಅದಕ್ಕೇ ಸಿಲ್ಟ್‌ನ ಪ್ರಮಾಣ ಒಂದು ಕಡೆ, ಸರಾಸರಿ ಗಾತ್ರ ಇನ್ನೊಂದು ಕಡೆ ಇಟ್ಟು ಪ್ಲಾಟ್ ಹಾಕಿದೆ. ಎರಡೂ ಜೊತೆಗೇ ಏರಿಳಿದ್ರೆ ಪ್ರವಾಹವೇ ವಿಂಗಡಿಸಿದೆ ಅಂತ ಧೈರ್ಯವಾಗಿ ಹೇಳಬಹುದು, ಚದುರಿದ ಸ್ಯಾಂಪಲ್‌ಗಳನ್ನ ಮಾತ್ರ ವೇಗಕ್ಕೆ ಬಳಸಲಿಲ್ಲ, ಅವುಗಳ ಜರಡಿ ಮೇಲಿನ ಭಾಗ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಮೂಲೆ ಮೊನಚಾದ ಕಲ್ಲುಚೂರೇ ತುಂಬಿತ್ತು, ಅಂದ್ರೆ ಹಿಮಬಂಡೆ ಉದುರಿಸಿದ್ದು.

ಇಷ್ಟಾದ್ರೂ ಒಂದೇ ಕೋರ್ ಇಟ್ಕೊಂಡು ಪ್ರವಾಹ ನಿಧಾನ ಆಯ್ತು ಅಂತ ಬರೆಯೋಕೆ ಹೋಗ್ಬೇಡಿ, ಅದು ಇಳಿಜಾರಲ್ಲಿ ಮೇಲಕ್ಕೋ ಕೆಳಕ್ಕೋ ಸರಿದಿದ್ರೂ ಗ್ರಾಫ್ ಹಾಗೇ ಕಾಣುತ್ತೆ, ಬೇರೆ ಬೇರೆ ಆಳದ ಕೋರ್‌ಗಳು ಬೇಕೇ ಬೇಕು.