ಅಪಘಾತವಾದ ಮೇಲೆ ಮದ್ಯ ಪರೀಕ್ಷೆ: ಮೊದಲು ಗಡಿಯಾರ ನೋಡಿ, ಆಮೇಲೆ ಹತ್ತಿ ನೋಡಿ

ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ವರ್ಷಗಟ್ಟಲೆ ಅಪಘಾತದ ಕೇಸು ನೋಡಿದವನು ನಾನು. ಕುಡಿದು ಗಾಡಿ ಓಡಿಸಿದ ಎಷ್ಟೋ ಕೇಸು ಕೋರ್ಟಿಗೆ ಹೋಗುವ ಮೊದಲೇ, ರಕ್ತ ತೆಗೆಯುವ ಐದು ನಿಮಿಷದಲ್ಲೇ ಹಾಳಾಗುತ್ತವೆ. ಗಾಯಾಳುವಿನ ಕಡೆಯವರಿಗೂ ಚಾಲಕನ ಮನೆಯವರಿಗೂ ಈ ಕ್ರಮ ಗೊತ್ತಿರಬೇಕು. ತಪ್ಪಾಗಿ ತೆಗೆದ ರಕ್ತದಿಂದ ಕುಡಿಯದವನೂ ಸಿಕ್ಕಿಬೀಳಬಹುದು.

1. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ಫೋನ್ ಮಾಡಿ. ಚಾಲಕನಿಗೆ ಇದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುವ ಕರ್ತವ್ಯ.

2. ಉಸಿರಿನ ಪರೀಕ್ಷೆ. ಅನುಮಾನ ಬಂದರೆ ಸಮವಸ್ತ್ರದಲ್ಲಿರುವ ಪೊಲೀಸರು 203ನೇ ಕಲಂ ಪ್ರಕಾರ ಊದಿಸಬಹುದು. ಚಾಲಕ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಮೊದಲು ಅವನನ್ನು ನೋಡುತ್ತಿರುವ ಡಾಕ್ಟರಿಗೆ ತಿಳಿಸಬೇಕು. ಚಿಕಿತ್ಸೆಗೆ ತೊಂದರೆ ಅಂತ ಡಾಕ್ಟರ್ ಹೇಳಿದರೆ ಊದಿಸುವಂತಿಲ್ಲ. ಪುದೀನಾ ಗುಳಿಗೆ, ಮೌತ್‌ವಾಶ್ ಇತ್ಯಾದಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಯಂತ್ರ ಅಳೆಯುವುದು ಶ್ವಾಸಕೋಶದಿಂದ ಬರುವ ಗಾಳಿಯನ್ನು. ಕೆಲವು ಮೌತ್‌ವಾಶ್‌ನಲ್ಲಿ ಆಲ್ಕೋಹಾಲೇ ಇರುತ್ತದೆ, ಅದನ್ನು ಮುಕ್ಕಳಿಸಿ ತಕ್ಷಣ ಊದಿದರೆ ಅಂಕಿ ಜಾಸ್ತಿಯೇ ಬರುತ್ತದೆ.

3. ರಕ್ತ ತೆಗೆಯುವುದು. ಎಲ್ಲರೂ ಎಡವುವುದು ಇಲ್ಲೇ.

ಮೊದಲು ಸಮಯ. ಕಾಯ್ದೆಯ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಅದನ್ನು ಮೀರಿದರೆ 185ನೇ ಕಲಂ ಅಪರಾಧ. ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತಾ ಹೋಗುತ್ತದೆ. ಡಿಕ್ಕಿಯಾದಾಗ 60 ಇದ್ದವನಿಗೆ ಎರಡು ಗಂಟೆ ತಡವಾದರೆ 30ಕ್ಕೆ ಬಂದ, ಮಿತಿ ಮೀರಲೇ ಇಲ್ಲ! 185ರಡಿ ಬಂಧಿಸಿದ ಮೇಲೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಲೇಬೇಕು, ಇಲ್ಲದಿದ್ದರೆ ಬಿಡಬೇಕು ಅಂತ 202ನೇ ಕಲಂ ಹೇಳುತ್ತದೆ. 2024ರ ಮೇ ತಿಂಗಳಲ್ಲಿ ಪುಣೆಯ ಪೋರ್ಷೆ ಅಪಘಾತದಲ್ಲಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ನಸುಕಿನಲ್ಲಿ ನಡೆದ ಅಪಘಾತಕ್ಕೆ ರಕ್ತ ತೆಗೆದಿದ್ದು ಬೆಳಿಗ್ಗೆ 11ರ ಸುಮಾರಿಗೆ. ಆ ರಕ್ತವನ್ನೂ ಬದಲಾಯಿಸಿದರು ಎಂಬುದು ಪೊಲೀಸರ ಆರೋಪ.

ಇನ್ನು ಹತ್ತಿ. ಒಮ್ಮೆ ಹೊಸದಾಗಿ ಬಂದ ನರ್ಸ್ ಅಭ್ಯಾಸಬಲದಿಂದ ಸ್ಪಿರಿಟ್ ಹತ್ತಿಯಲ್ಲಿ ತೋಳು ಒರೆಸಿ, ಅದು ಒಣಗುವ ಮೊದಲೇ ಸೂಜಿ ಚುಚ್ಚಿದರು. ತಡೆಯುವಷ್ಟರಲ್ಲಿ ಸಿರಿಂಜ್ ಅರ್ಧ ತುಂಬಿತ್ತು. ಸ್ಪಿರಿಟ್ ಅಂದರೆ ಆಲ್ಕೋಹಾಲ್ ಅಲ್ವಾ? ಅದನ್ನು ಬಿಸಾಡಿ, ಇನ್ನೊಂದು ತೋಳನ್ನು ಸೋಪುನೀರಿನಲ್ಲಿ ತೊಳೆದು ಮತ್ತೆ ತೆಗೆಸಿದೆ. ಎರಡನ್ನೂ ರಿಜಿಸ್ಟರಿನಲ್ಲಿ ಬರೆದೆ.

ಟ್ಯೂಬ್ ಕೂಡ ಮುಖ್ಯ. ಸಕ್ಕರೆ ಪರೀಕ್ಷೆಗೆ ಬಳಸುವ, ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೇ ಬೇಕು. ಫ್ಲೋರೈಡ್ ಇಲ್ಲದಿದ್ದರೆ ಕ್ರಿಮಿಗಳು ಟ್ಯೂಬಿನೊಳಗೇ ಸಕ್ಕರೆ ಹುಳಿಸಿ ಮದ್ಯ ಮಾಡಿಬಿಡಬಹುದು. ಕಂಠದವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ನಿಧಾನವಾಗಿ ಎಂಟು ಹತ್ತು ಸಲ ತಲೆಕೆಳಗು ಮಾಡಿ. ಮೇಲೆ ಹೆಸರು, ತಾರೀಖು, ಗಂಟೆ, ನಿಮಿಷ. ನನ್ನನ್ನು ಕೇಳಿದರೆ 24 ಗಂಟೆಯ ಲೆಕ್ಕದಲ್ಲೇ ಬರೆಯಿರಿ, 2.30 ಅಂದರೆ ಹಗಲೋ ರಾತ್ರಿಯೋ ಅಂತ ವಕೀಲರು ಹಿಡಿದುಕೊಳ್ಳುತ್ತಾರೆ. ಹೆಂಗಸಿನ ರಕ್ತವನ್ನು ಗಂಡು ಡಾಕ್ಟರ್ ತೆಗೆಯುವುದಾದರೆ 204ನೇ ಕಲಂ ಪ್ರಕಾರ ಇನ್ನೊಬ್ಬ ಹೆಂಗಸಿನ ಎದುರಿಗೇ ತೆಗೆಯಬೇಕು, ಆಕೆ ಡಾಕ್ಟರೇ ಆಗಿರಬೇಕೆಂದಿಲ್ಲ.

4. ಸೀಲ್ ಮಾಡಿ, ಫ್ರಿಜ್ಜಿನಲ್ಲಿಟ್ಟು, ಪ್ರಯೋಗಾಲಯಕ್ಕೆ ಕಳಿಸಿ. ಯಾರು ಯಾರ ಕೈಗೆ ಯಾವಾಗ ಕೊಟ್ಟರು ಎಂಬುದಕ್ಕೆ ಸಹಿ ಇರಲಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಲೇಬೇಡಿ.

5. ಊದಲು ಒಪ್ಪದೆ ತಪ್ಪಿಸಿಕೊಳ್ಳುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಕಾರಣವಿಲ್ಲದೆ ನಿರಾಕರಿಸಿದ್ದನ್ನು 205ನೇ ಕಲಂ ಪ್ರಕಾರ ಚಾಲಕನ ವಿರುದ್ಧವೇ ಬಳಸಬಹುದು. ವಿಮೆಯಲ್ಲೂ ಅಷ್ಟೇ. ಪರೀಕ್ಷೆಯ ವರದಿ ಇಲ್ಲದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿತ ರುಜುವಾದರೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.